ನೀರು ಕುಡಿಯುವ ಅಭ್ಯಾಸ

ಹಾಸನ ಬಿಟ್ಟ ಬಸ್ಸು ಮೊಸಳೆ ಹೊಸಹಳ್ಳಿ ಮುಟ್ಟುವಷ್ಟರಲ್ಲಿ ಪಾರ್ವತಮ್ಮ ಅರ್ಧ ಬಾಟಲಿ ನೀರು ಕುಡಿದಿದ್ದಳು. ಬಾಯಾರಿ ಕುಡಿದದ್ದಲ್ಲ, ಹಟ ಹಿಡಿದು ಕುಡಿದದ್ದು. ಹೊಳೆನರಸೀಪುರದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟನ್ನೇ ಹುಡುಕಿ ಕೂತು, ಪಕ್ಕಕ್ಕೆ ಯಾರಾದರೂ ದಪ್ಪನೆಯ ಗಂಡಸು ಬರಲಿ ಎಂದು ಕಾದು, ಬಂದಮೇಲೆ ಬಾಟಲಿಯ ಮುಚ್ಚಳ ತಿರುಗಿಸಿದ್ದಳು. ಬೇರೆ ಹೆಂಗಸರು ಪಕ್ಕಕ್ಕೆ ಹೆಂಗಸೇ ಬರಲಿ ಅಂತ ಸೀಟಿನ ಮೇಲೆ ಚೀಲ ಇಟ್ಟು ಕಾಯುತ್ತಾರೆ, ಇವಳದು ಉಲ್ಟಾ. ದಪ್ಪನೆಯವನನ್ನು ಎಬ್ಬಿಸಿ ದಾಟಿಕೊಂಡು ಹೋಗುವುದನ್ನು ಕಲಿತುಬಿಟ್ಟರೆ ಮಿಕ್ಕವರೆಲ್ಲ ಸಲೀಸು ಅಂತ ಅವಳ ಎಣಿಕೆ. ತಿಂಗಳಿಂದ ಇದೇ ಕೆಲಸ. ಚನ್ನರಾಯಪಟ್ಟಣಕ್ಕೆ ಸಂತೆಗೆ ಹೋದರೂ ಅಷ್ಟೆ, ಹಾಸನಕ್ಕೆ ಡಾಕ್ಟರ ಹತ್ತಿರ ಹೋದರೂ ಅಷ್ಟೆ. ನೀರು ಕುಡಿಯುವುದು, ಪಕ್ಕದವರನ್ನು ಎಬ್ಬಿಸುವುದು, ಓಡುವ ಬಸ್ಸಿನಲ್ಲಿ ಕಂಬಿ ಹಿಡಿದು ಹಿಂದಿನ ಸೀಟಿನವರೆಗೆ ಹೋಗಿ ಬರುವುದು, ಮತ್ತೆ ಕೂರುವುದು.

“ವಸಿ ಜಾಗ ಬುಡಿ ಸಾ,” ಅಂದಳು. ಗಂಟಲಿಂದ ಮಾತು ಹೊರಡಲು ಈಗಲೂ ಒಂದು ಕ್ಷಣ ಬೇಕಾಯಿತು.

“ಇಲ್ಲೇ ಇಳೀತೀರಾ?” ಅಂದ ಆತ, ಮೊಬೈಲಿನಿಂದ ತಲೆ ಎತ್ತಿ.

“ಇಲ್ಲ. ಸುಮ್ನೆ ಓಡಾಡ್ಬುಟ್ಟು ಬತ್ತೀನಿ.”

ಆತ ಅವಳನ್ನು ಮೇಲಿಂದ ಕೆಳಗೆ ನೋಡಿದ. ಏಳದೆ ಬರೀ ಮೊಣಕಾಲು ಓರೆ ಮಾಡಿದ. ಪಾರ್ವತಮ್ಮ ಸೀರೆ ಎಳೆದು ಹಿಡಿದುಕೊಂಡು ದಾಟಿದಳು, ಬಸ್ಸು ವಾಲಿದಾಗ ಅವನ ಭುಜಕ್ಕೆ ಕೈ ತಗುಲಿತು, ಆತ ಚ್ ಅಂದ. ಮುಖಕ್ಕೆ ರಕ್ತ ನುಗ್ಗಿದ್ದು ಅವಳಿಗೇ ಗೊತ್ತಾಯಿತು. ಇರಲಿ, ಚ್ ಅನ್ನಿಸಿಕೊಳ್ಳುವುದೂ ಅಭ್ಯಾಸ ಆಗಬೇಕು. ಕಂಡಕ್ಟರು, “ಯಾಕಮ್ಮೊ, ಬಸ್ಸೊಳಗೆ ವಾಕಿಂಗಾ?” ಅಂದ, ನಾಲ್ಕು ಜನ ನಕ್ಕರು. “ಕಾಲಿಗೆ ಒಳ್ಳೇದು ಕಣಪ್ಪ, ಡಾಕ್ಟ್ರು ಹೇಳವ್ರೆ,” ಅಂದು ಅವಳೂ ನಕ್ಕಳು. ಇವತ್ತು ನಗು ತಾನಾಗಿ ಬರುತ್ತಿತ್ತು. ಹಾಸನದ ಡಾಕ್ಟರು ಬೆಳಿಗ್ಗೆ ಅವಳ ಎಡಗಾಲಿನ ಮೀನಖಂಡವನ್ನು ಹೆಬ್ಬೆರಳಲ್ಲಿ ಒತ್ತಿ, ಸ್ಕ್ಯಾನಿನ ಚಿತ್ರ ನೋಡಿ, ಮಗಳ ಹತ್ತಿರ ಹೋಗಬಹುದು ಅಂದುಬಿಟ್ಟಿದ್ದರು. ಒಂದೇ ಸಲಕ್ಕೆ ಅಷ್ಟು ದೂರ ಕೂರುವ ಹಾಗಿಲ್ಲ. ಮಧ್ಯೆ ಒಂದು ಕಡೆ ಇಳಿದು, ಓಡಾಡಿ, ಬೇರೆ ವಿಮಾನ ಹತ್ತಬೇಕು. ಹತ್ತುವ ಮುಂಚೆ ಒಂದು ಇಂಜೆಕ್ಷನ್. ಕಾಲಿಗೆ ಹಾಕಿದ ಈ ಬಿಗಿ ಕರಿ ಸಾಕ್ಸು ಬಿಚ್ಚುವ ಹಾಗಿಲ್ಲ. ನೀರು ಕುಡೀಬೇಕು, ಕುಡೀಬೇಕು, ಕುಡೀಬೇಕು. “ವಿಮಾನ ಹದಿನೇಳು ಗಂಟೆ ಹಾರತ್ತಮ್ಮ, ಅದಕ್ಕೆ ಶಕ್ತಿ ಇದೆ. ಮನುಷ್ಯರ ಕಾಲು ಅಷ್ಟು ಹೊತ್ತು ಮಡಿಸಿಕೊಂಡು ಕೂರೋಕೆ ಆಗಿದ್ದಲ್ಲ,” ಅಂದರು. ಅವಳಿಗೆ ಮಿಕ್ಕಿದ್ದು ಯಾವುದೂ ಸರಿಯಾಗಿ ಕೇಳಿಸಲಿಲ್ಲ, ಹೋಗಬಹುದು ಅನ್ನುವುದೊಂದೇ ಕಿವಿಯಲ್ಲಿತ್ತು.

ಆರು ತಿಂಗಳಿಂದ ಮಗಳು ಫೋನಿನಲ್ಲಿ ಅನ್ನುತ್ತಿದ್ದದ್ದೂ ಡಾಕ್ಟರ ಮಾತೊಂದನ್ನೇ. ಮತ್ತೆ ಬಸುರಿ ಅಂತ ಹೇಳಿದ ದಿನವೇ ಪಾರ್ವತಮ್ಮ, ನಾನು ಬರಲೇನೆ ಶೋಭಿ, ಅಂದಿದ್ದಳು. ಡಾಕ್ಟ್ರು ಏನಂತಾರೋ ನೋಡಮ್ಮ, ಅಂದಿದ್ದಳು ಶೋಭಿತಾ. ಮತ್ತೆ ಕೇಳಿದಾಗಲೂ ಅದೇ. ಡಾಕ್ಟ್ರು ಹೂಂ ಅಂದ್ರೆ ನೋಡಣ. ಸರಿ, ಹಂಗಾದರೆ ಡಾಕ್ಟರ ಬಾಯಲ್ಲಿ ಹೂಂ ಅನ್ನಿಸುವುದು ತನ್ನ ಕೆಲಸ ಅಂತ ಪಾರ್ವತಮ್ಮ ಟೊಂಕ ಕಟ್ಟಿದಳು. ಶಾಲೆಯ ಬಿಸಿಯೂಟದ ಅಡಿಗೆಗೆ ನಿಂತಾಗಲೂ ಆ ಕರಿ ಸಾಕ್ಸು. ಜೊತೆಯಲ್ಲಿ ಬೇಯಿಸುವ ಹೆಂಗಸರು, ಪಾರ್ವತಕ್ಕ ಪೊಲೀಸ್ ಸೇರವ್ಳೆ ಕಣ್ರೇ ಅಂತ ಆಡಿಕೊಂಡರು. ಆಡಿಕೊಳ್ಳಲಿ. ಹೆರಿಗೆ ಬರುವ ತಿಂಗಳ ಕೊನೆಗೆ. ಈ ಸಲ ತಾನು ಅಲ್ಲಿರಬೇಕು, ನೆಟ್ಟಗೆ ತನ್ನ ಕಾಲ ಮೇಲೆ ನಿಂತಿರಬೇಕು, ಆ ಮಗು ಹುಟ್ಟಿದಾಗ ಈ ಕೈಯಲ್ಲಿ ಎತ್ತಿಕೊಳ್ಳಬೇಕು. ಹೋದ ಸಲದ್ದನ್ನು ಅಳಿಸಲು ಬೇರೆ ಯಾವ ದಾರಿಯೂ ಅವಳಿಗೆ ಕಾಣಲಿಲ್ಲ.

ಹೆಂಗಸರು ಬಸ್ಸಿನಲ್ಲಿ ನೀರು ಕುಡಿಯುವುದಿಲ್ಲ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಆದರೆ ಅವಳ ಊರು ದಂಡಿಗನಹಳ್ಳಿಯ ಯಾವ ಹೆಂಗಸನ್ನಾದರೂ ಕೇಳಿ ನೋಡಿ. ಧರ್ಮಸ್ಥಳಕ್ಕೆ ಹೋಗಲಿ, ಬೆಂಗಳೂರಿನ ಮದುವೆಗೆ ಹೋಗಲಿ, ಹಿಂದಿನ ದಿನ ಊಟದ ಮೇಲೆ ಕುಡಿದದ್ದೇ ಕೊನೆ. ಗಂಡಸರಿಗೇನು, ಬಸ್ಸು ನಿಂತ ಕಡೆ ಒಂದು ಮರ ಇದ್ದರೆ ಆಯಿತು. ಪಾರ್ವತಮ್ಮ ಮದುವೆಯಾಗಿ ಬಂದ ವರ್ಷವೇ ಅತ್ತೆ ಬೆಳ್ಳಮ್ಮ, ಬಸ್ ಹತ್ತೋ ದಿನ ನೀರು ಮುಟ್ಟಬ್ಯಾಡ ಕಣವ್ವ, ದಾರೀಲಿ ಒಂದಕ್ಕೆ ಬಂದ್ರೆ ಮಾನ ಓಯ್ತದೆ, ಅಂದಿದ್ದಳು. ಪಾರ್ವತಮ್ಮ ಕಲಿತಳು, ಕಲಿತು ಅತ್ತೆಯನ್ನೂ ಮೀರಿಸಿದಳು. ಗಂಡ ಶಿವರಾಜು ಹಾಸನ-ಬೆಂಗಳೂರು ನಾನ್‌ಸ್ಟಾಪ್ ಬಸ್ಸಿನ ಕಂಡಕ್ಟರು. ಅವನ ಬಸ್ಸಿನಲ್ಲೇ ಎಷ್ಟೋ ಸಲ ಹೋಗಿ ಬಂದಿದ್ದಾಳೆ, ಒಂದು ಸಲವೂ ನಿಲ್ಲಿಸಿ ಅಂದವಳಲ್ಲ. “ನನ್ ಎಂಡ್ತಿ ಒಂಟೆ ಕಣ್ಲಾ,” ಅಂತ ಅವನು ಡ್ರೈವರಿಗೆ ಹೇಳುತ್ತಿದ್ದ, “ಬೆಂಗ್ಳೂರಿಗೋಗಿ ಬಂದ್ರೂ ತೊಟ್ಟು ನೀರು ಕೇಳಾಕಿಲ್ಲ.” ಅವಳಿಗೆ ಒಳಗೊಳಗೇ ಹಿಗ್ಗಾಗುತ್ತಿತ್ತು. ಬೇರೆಯವರಿಗೆ ತೊಂದರೆ ಕೊಡದೆ ಕೂರುವುದರಲ್ಲಿ ತನ್ನಷ್ಟು ಗಟ್ಟಿ ಯಾರೂ ಇಲ್ಲ ಅಂದುಕೊಂಡಿದ್ದಳು.

ಆ ಹಿಗ್ಗನ್ನು ಹೊತ್ತುಕೊಂಡೇ ಅವಳು ವಿಮಾನ ಹತ್ತಿದ್ದು. ಶೋಭಿತಾ ಸ್ಯಾನ್‌ಫ್ರಾನ್ಸಿಸ್ಕೊ ಹತ್ತಿರದ ಊರಿನಲ್ಲಿ ನರ್ಸು, ಅಳಿಯ ಪೃಥ್ವಿರಾಜನಿಗೂ ಆಸ್ಪತ್ರೆಯ ಲ್ಯಾಬಿನಲ್ಲೇ ಕೆಲಸ. ಮೊದಲ ಬಾಣಂತನಕ್ಕೆ ಅಮ್ಮ ಬರಬೇಕು ಅಂತ ಮಗಳ ಆಸೆ. ಆದರೆ ಅಮ್ಮನಿಗೆ ಇಂಗ್ಲಿಷ್ ಬಾರದು, ಮಧ್ಯೆ ಯಾವುದೋ ದೇಶದಲ್ಲಿ ಇಳಿದು, ಬೋರ್ಡು ಓದಿ, ಬೇರೆ ವಿಮಾನ ಹಿಡಿ ಅಂದರೆ ಕಳೆದುಹೋಗುತ್ತಾಳೆ. ಅದಕ್ಕೇ ಬೆಂಗಳೂರಿಂದ ನೇರ ಹೋಗುವುದನ್ನು ಹುಡುಕಿದರು. ಶಿವರಾಜುವಂತೂ ಊರೆಲ್ಲ ಸಾರಿದ. “ನಾನ್‌ಸ್ಟಾಪ್ ಕಣ್ಲಾ. ನಮ್ ಬಸ್ಸಾದ್ರೂ ಟೀಗೆ ನಿಲ್ತದೆ, ಅದು ಅದ್ಕೂ ನಿಲ್ಲಾಕಿಲ್ಲ. ರೆಕ್ಕೆ ತುಂಬ ಪೆಟ್ರೋಲೇ ತುಂಬವ್ರೆ. ಡ್ರೈವರ್‌ಗಳು ನಾಲ್ಕು ಜನ, ಇಬ್ರು ಓಡಿಸ್ತಾ ಇದ್ರೆ ಇಬ್ರು ಮಲಗ್ತಾರೆ.” ಎಲ್ಲರೂ ಅವಳ ಮೇಲಿನ ಪ್ರೀತಿಯಿಂದಲೇ ಮಾಡಿದರು. ಕಿಟಕಿ ಪಕ್ಕದ ಸೀಟನ್ನು ಶೋಭಿತಾ ಆರಿಸಿದ್ದೂ, ಅಮ್ಮ ಮೋಡ ನೋಡಿಕೊಂಡು ಬರಲಿ ಅಂತ. ಪಕ್ಕದಲ್ಲಿ ಒಬ್ಬ ದಪ್ಪನೆಯ ಗಂಡಸು, ಅವನಾಚೆ ಅವನ ಹೆಂಡತಿ. ಊಟ ಆದದ್ದೇ ಇಬ್ಬರೂ ಕಣ್ಣಿಗೆ ಕರಿ ಪಟ್ಟಿ ಕಟ್ಟಿಕೊಂಡು ಮಲಗಿಬಿಟ್ಟರು. ಅದಕ್ಕೂ ಮುಂಚೆ ಒಂದೇ ಒಂದು ಸಲ ಅವಳು ಎದ್ದು ಹೋಗಿದ್ದಳು. ಕಕ್ಕಸಿನ ಬಾಗಿಲು ತಳ್ಳಿದರೆ ತೆರೆಯದು, ಎಳೆದರೆ ತೆರೆಯದು, ಹಿಂದೆ ನಿಂತಿದ್ದ ಒಬ್ಬ ಹುಡುಗಿ ಕೈ ಚಾಚಿ ನಡುವೆ ಒತ್ತಿದಾಗ ಮಡಿಸಿಕೊಂಡಿತು. ಒಳಗೆ ಎಲ್ಲಿ ಏನು ಒತ್ತಬೇಕೋ ತಿಳಿಯದೆ ನಿಂತಿದ್ದಾಗ ಹೊರಗಿನಿಂದ ಬಡಿದರು. ಏನನ್ನೋ ಒತ್ತಿದಳು, ನೆಲವೇ ಬಾಯಿಬಿಟ್ಟ ಹಾಗೆ ಸದ್ದಾಯಿತು. ಹೊರಗೆ ಬಂದಾಗ ಸಾಲು ನಿಂತವರೆಲ್ಲ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಇನ್ನು ಇಳಿಯುವವರೆಗೆ ಏಳುವುದಿಲ್ಲ ಅಂತ ಅಲ್ಲೇ ತೀರ್ಮಾನ ಮಾಡಿದಳು. ಅದು ತನ್ನ ಕೈಲಾಗುವ ಕೆಲಸವೇ ತಾನೆ. ಗಗನಸಖಿ ತಟ್ಟೆಯಲ್ಲಿ ನೀರಿನ ಲೋಟಗಳನ್ನು ಹಿಡಿದು ಬಂದಾಗಲೆಲ್ಲ ಕೈ ಮುಗಿದು ಬೇಡ ಅಂದಳು. ಆ ಹುಡುಗಿ ಬಗ್ಗಿ, ಫಾಸ್ಟಿಂಗಾ ಅಂತ ಕೇಳಿತು. ಆ ಮಾತು ಅವಳಿಗೆ ಗೊತ್ತಿತ್ತು, ರಕ್ತ ಪರೀಕ್ಷೆಗೆ ಹೋದಾಗ ಕೇಳುತ್ತಾರೆ. ಹೂಂ ಅಂತ ತಲೆ ಆಡಿಸಿದಳು. ಆಮೇಲೆ ಯಾರೂ ನೀರು ಬೇಕಾ ಅಂತ ಕೇಳಲಿಲ್ಲ.

ಮುಂದಿನ ಸೀಟಿನ ಬೆನ್ನಿಗಿದ್ದ ಪುಟ್ಟ ಟೀವಿಯಲ್ಲಿ ಭೂಮಿಯ ಚಿತ್ರ, ಅದರ ಮೇಲೊಂದು ಸಣ್ಣ ವಿಮಾನ. ಎಷ್ಟು ಹೊತ್ತಾದರೂ ಅದು ಅಲ್ಲೇ ಇದ್ದ ಹಾಗೆ ಕಾಣುತ್ತಿತ್ತು. ಒಂದು ಊರಿಲ್ಲ, ಒಂದು ಹೆಸರಿಲ್ಲ, ಬರೀ ನೀಲಿ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು, ತುಟಿ ಸೀಳಿತು. ಎಡಗಾಲು ಮೊದಲು ಜೋಮು ಹಿಡಿಯಿತು, ಆಮೇಲೆ ಭಾರವಾಯಿತು, ಆಮೇಲೆ ಅದು ತನ್ನದೇ ಅಲ್ಲವೇನೋ ಅನ್ನಿಸಿತು. ಏಳಲಿಲ್ಲ. ಪಾಪ ಮಲಗವ್ರೆ, ಯಾಕೆ ಎಬ್ಬಿಸೋದು ಅಂದುಕೊಂಡಳು. ಇಳಿದಮೇಲೆ ಪೆಟ್ಟಿಗೆ ಬರುವ ಪಟ್ಟಿಯ ಮುಂದೆ ನಿಂತಳು. ಪೆಟ್ಟಿಗೆಗಳು ಸುತ್ತಿದವು, ಎಲ್ಲರೂ ಅವರವರದು ಎತ್ತಿಕೊಂಡು ಹೋದರು, ಪಟ್ಟಿ ನಿಂತೇಹೋಯಿತು. ಆ ದೂರದ ವಿಮಾನಕ್ಕೆ ಎದುರುಗಾಳಿ ಜಾಸ್ತಿ ಇದ್ದರೆ ಭಾರ ಇಳಿಸಿ ಹೊರಡುವುದುಂಟಂತೆ. ಪೆಟ್ರೋಲು ಬಿಡುವ ಹಾಗಿಲ್ಲ, ಜನರನ್ನೋ ಪೆಟ್ಟಿಗೆಯನ್ನೋ ಬಿಡಬೇಕು. ಅವತ್ತು ಕೆಲವು ಪೆಟ್ಟಿಗೆ ಬೆಂಗಳೂರಲ್ಲೇ ಉಳಿದಿದ್ದವು, ಅವಳದೂ ಅದರಲ್ಲೊಂದು. ಇದೆಲ್ಲ ಅವಳಿಗೆ ಆಮೇಲೆ ತಿಳಿದದ್ದು. ಆಗ ಮಾತ್ರ, ಮಗಳ ಬಾಣಂತನದ ಸಾಮಾನು ಬಿಟ್ಟು ಹೇಗೆ ಹೋಗಲಿ ಅಂತ ಆ ಕಾಲಿನ ಮೇಲೇ ನಿಂತಿದ್ದಳು, ಯಾರೋ ಬಂದು ಹೊರಗೆ ದಾರಿ ತೋರಿಸುವವರೆಗೆ. ಬಾಗಿಲಾಚೆ ಶೋಭಿತಾ ಕಂಡಳು, ತುಂಬಿದ ಹೊಟ್ಟೆ ಮುಂದೆ ಮಾಡಿಕೊಂಡು ಎರಡು ಕೈಯೂ ಎತ್ತಿ ಬೀಸುತ್ತಿದ್ದಳು. ಪಾರ್ವತಮ್ಮ ನಕ್ಕಳು, ಬೇಗ ಬೇಗ ಹೆಜ್ಜೆ ಇಟ್ಟಳು, ಎದೆಯೊಳಗೆ ಏನೋ ಸಿಕ್ಕಿಕೊಂಡಿತು. ಮಗಳ ಕಾಲಿನ ಹತ್ತಿರವೇ ಬಿದ್ದಳು.

ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಪುಪ್ಪುಸಕ್ಕೆ ಹೋಗಿತ್ತು. ಅವಳು ಬದುಕಿದಳು. ತುಂಬು ಬಸುರಿ ಮಗಳು ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕದ ಕುರ್ಚಿಯಲ್ಲಿ ಹಗಲೂ ಇರುಳೂ ಕೂತಳು, ಡಾಕ್ಟರುಗಳ ಹಿಂದೆ ಓಡಾಡಿದಳು, ಅದೇ ಕುರ್ಚಿಯಲ್ಲಿ ದಿನ ತುಂಬುವ ಮೊದಲೇ ನೋವು ಶುರುವಾಯಿತು. ಹೆಣ್ಣು ಮಗು. ಮಾರನೆಯ ದಿನದವರೆಗೆ ಇತ್ತು, ಅಷ್ಟೆ. ಪಾರ್ವತಮ್ಮನ ಮೂಗಿಗೆ ಬಾಯಿಗೆ ನಳಿಗೆ ಹಾಕಿದ್ದರು, ಅವಳು ಮಗುವನ್ನು ನೋಡಲಿಲ್ಲ. ಆಮೇಲೆ ಪೃಥ್ವಿರಾಜ ಫೋನಿನಲ್ಲಿ ಚಿತ್ರ ತೋರಿಸಿದ. ನಿನ್ನಿಂದ ಆಯಿತು ಅಂತ ಯಾರೂ ಅನ್ನಲಿಲ್ಲ. ಮಗಳು ಅನ್ನಲಿಲ್ಲ, ಅಳಿಯ ಅನ್ನಲಿಲ್ಲ, ಅವನೇ ರಜೆ ಹಾಕಿ ಎರಡು ಕಡೆ ಇಳಿಸಿ ಹತ್ತಿಸಿ ಊರಿಗೆ ಕರಕೊಂಡು ಬಂದು ಬಿಟ್ಟುಹೋದ. ಶಿವರಾಜು ನಾನ್‌ಸ್ಟಾಪ್ ಬಿಟ್ಟು, ಕೇಳಿಕೊಂಡು ಹಳ್ಳಿ ಬಸ್ಸಿಗೆ ಹಾಕಿಸಿಕೊಂಡ. ಈಗ ಕೈ ಅಡ್ಡ ಹಿಡಿದವರಿಗೆಲ್ಲ ನಿಲ್ಲಿಸುತ್ತಾನೆ, ಯಾಕೆ ಅಂತ ಅವಳಿಗೆ ಹೇಳಲಿಲ್ಲ. ಒಬ್ಬರಾದರೂ ಬೈದಿದ್ದರೆ ಪಾರ್ವತಮ್ಮನಿಗೆ ಎಷ್ಟೋ ಹಗುರಾಗುತ್ತಿತ್ತು. ಬಾಣಂತನ ಮಾಡಲು ಹೋದವಳು ಮಗಳ ಕೈಲಿ ಸೇವೆ ಮಾಡಿಸಿಕೊಂಡು ಬಂದಳು, ಮಗುವನ್ನು ತಿಂದುಕೊಂಡು ಬಂದಳು ಅಂತ ಅವಳೇ ಒಲೆ ಮುಂದೆ ಕೂತು ತನಗೆ ತಾನೇ ಬೈದುಕೊಂಡು ಅಳುತ್ತಿದ್ದಳು.

ಹೊಳೆನರಸೀಪುರದ ಸೇತುವೆ ಮೇಲೆ ಬಸ್ಸು ನಿಧಾನವಾಯಿತು, ಕೆಳಗೆ ಹೇಮಾವತಿಯಲ್ಲಿ ಯಾರೋ ದನದ ಮೈ ತೊಳೆಯುತ್ತಿದ್ದರು. ಪಕ್ಕದ ದಪ್ಪ ಮನುಷ್ಯ ಈ ಸಲ ತಾನಾಗಿಯೇ ಎದ್ದು ಜಾಗ ಬಿಟ್ಟ. ಬೀಗಿತಿ ಶಿವಗಂಗಮ್ಮನ ಮನೆ ಪೇಟೆಯ ಹಿಂದಿನ ಬೀದಿಯಲ್ಲಿತ್ತು. ಪೃಥ್ವಿರಾಜನ ತಾಯಿ, ಅಂಗನವಾಡಿ ಟೀಚರಾಗಿ ನಿವೃತ್ತಿಯಾದವಳು, ಗಂಡ ತೀರಿಕೊಂಡ ಮೇಲೆ ಅರಕಲಗೂಡಿನ ಮಗಳ ಮನೆಗೂ ಇಲ್ಲಿಗೂ ಓಡಾಡಿಕೊಂಡಿದ್ದಳು. ಆವತ್ತು ಹಿಂದೆ ಉಳಿದ ಆ ನೀಲಿ ಪೆಟ್ಟಿಗೆ ಇಲ್ಲೇ ಇತ್ತು. ಎಲ್ಲ ಮುಗಿದಮೇಲೆ ಅದು ಶೋಭಿತಾಳ ಮನೆ ಬಾಗಿಲಿಗೆ ಬಂದಿತ್ತು, ಯಾರೂ ಬಿಚ್ಚಲಿಲ್ಲ, ಪೃಥ್ವಿರಾಜ ವಾಪಸು ತಂದವನು ಪಾರ್ವತಮ್ಮನ ಕಣ್ಣಿಗೆ ಬೀಳದಿರಲಿ ಅಂತ ತನ್ನ ತಾಯಿಯ ಅಟ್ಟದ ಮೇಲೆ ಇಟ್ಟಿದ್ದ. ಅದನ್ನು ಕೇಳಿ ತೆಗೆದುಕೊಂಡು ಹೋಗಬೇಕು, ಬಿಸಿಲಿಗೆ ಹಾಕಬೇಕು, ಹೊಸದಾಗಿ ಬಾಣಂತಿ ಖಾರ ಕುಟ್ಟಿಸಬೇಕು. ಡಾಕ್ಟ್ರು ಓಗು ಅಂದ್ಬುಟ್ರು ಕಣಮ್ಮ ಅಂತ ಹೇಳಿದಾಗ ಬೀಗಿತಿ ಹೇಗೆ ಮುಖ ಅರಳಿಸುತ್ತಾಳೆ ಅಂತ ದಾರಿಯುದ್ದಕ್ಕೂ ನೆನೆದುಕೊಂಡಿದ್ದಳು. ಬಾಗಿಲು ತೆರೆದೇ ಇತ್ತು. ಕೂಗದೆ ಒಳಗೆ ಕಾಲಿಟ್ಟಳು.

ನೀಲಿ ಪೆಟ್ಟಿಗೆ ಮಂಚದ ಮೇಲೆ ಬಾಯ್ತೆರೆದು ಮಲಗಿತ್ತು. ಒಳಗೆ ಶಿವಗಂಗಮ್ಮನ ಸೀರೆಗಳು, ಒಂದು ಸ್ವೆಟರು, ಮಂಡಿನೋವಿನ ಎಣ್ಣೆ. ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ ಸ್ಟೂಲಿನ ಮೇಲೆ ಬೇರೆಯಾಗಿ ಒಂದು ರಾಶಿ ತೆಗೆದಿಟ್ಟಿತ್ತು. ಪಾರ್ವತಮ್ಮನ ಹಳೇ ಸೀರೆ ಮಡಿಸಿ ಹೊಲೆದ ಪುಟ್ಟ ದುಪ್ಪಟಿ, ಶಿವರಾಜುವಿನ ತೊಳೆದು ತೊಳೆದು ಮೆತ್ತಗಾದ ಪಂಚೆ ಹರಿದು ಮಾಡಿದ ಚೌಕಗಳು, ಒಂದು ಹಳದಿ ಕುಲಾವಿ. ಹುಟ್ಟುವ ಮುಂಚೆ ಹೊಸ ಬಟ್ಟೆ ತರಬಾರದು, ಹುಟ್ಟಿದ ಮಗುವಿನ ಮೈಗೆ ಮೊದಲು ಮನೆಯವರ ಹಳೇ ಬಟ್ಟೆಯೇ ತಾಕಬೇಕು ಅಂತ ಅವಳೇ ಕೂತು ಸೂಜಿ ಹಿಡಿದು ಮಾಡಿದವು. ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದ ಶಿವಗಂಗಮ್ಮ ಅವಳನ್ನು ನೋಡಿ ಬಾಗಿಲಲ್ಲೇ ನಿಂತಳು.

“ಫೋನ್ ಮಾಡ್ಬುಟ್ಟು ಬರಬಾರ್ದಿತ್ತಾ ಪಾರ್ವತಮ್ಮ,” ಅಂದಳು.

ಪಾರ್ವತಮ್ಮನಿಗೆ ತಕ್ಷಣ ಎಲ್ಲ ಅರ್ಥವಾಗಿತ್ತು, ಆದರೂ ಬಾಯಿ ಕೇಳಿತು. “ಅರಕಲಗೂಡಿಗೆ ಒಂಟ್ರಾ?”

“ಕೂತ್ಕೊಳಿ ಮೊದ್ಲು.” ಶಿವಗಂಗಮ್ಮ ಪೆಟ್ಟಿಗೆಯನ್ನು ಪಕ್ಕಕ್ಕೆ ತಳ್ಳಿ ಮಂಚದ ಮೇಲೆ ಜಾಗ ಮಾಡಿದಳು. “ಮಗ ಸೊಸೆ ಇಬ್ರೂ, ನಿಮಗೆ ನಾವೇ ಹೇಳ್ತೀವಿ, ನೀನು ಬಾಯ್ಬಿಡಬ್ಯಾಡ ಅಂದಿದ್ರು. ನಂಗೆ ಅಲ್ಲಿಗೆ ಟಿಕೆಟ್ ಮಾಡ್ಸವ್ರೆ. ಬರೋ ಸೋಮವಾರ. ಈಗ ಆ ನೇರ ವಿಮಾನ ಇಲ್ವಂತೆ, ಮಧ್ಯ ಒಂದ್ಕಡೆ ಇಳ್ದು ಹತ್ಬೇಕಂತೆ. ನಾನೇನು ಕೇಳ್ಕಂಡು ಹೊರಟಿದ್ದಲ್ಲ ಕಣಮ್ಮ, ನಮ್ಮಪ್ಪನಾಣೆ. ನಂಗೆ ಅರಕಲಗೂಡಿನ ಬಸ್ಸಲ್ಲೇ ತಲೆ ಸುತ್ತತ್ತೆ.”

“ನನ್ ಕಾಲಿಂದಾ? ಡಾಕ್ಟ್ರು ಏನಂತಾರೋ ಅಂತ ಕಾಯ್ತಿದ್ಲಲ್ಲ ಅವ್ಳು?”

ಶಿವಗಂಗಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಒಳ್ಳೆಯ ಹೆಂಗಸು, ಸುಳ್ಳು ಹೇಳಲು ಬರದವಳು. ಆ ಹೊತ್ತಿಗೆ ಅವಳಿಗೆ ಒಂದು ಸುಳ್ಳು ಬಂದಿದ್ದರೆ ಏನು ಗಂಟು ಹೋಗುತ್ತಿತ್ತೋ. “ಕಾಲಿಂದ ಅಲ್ಲ ಕಣಮ್ಮ. ಶೋಭಿ ನನ್ನತ್ರ ಅತ್ಬುಟ್ಲು. ‘ಅಮ್ಮನ್ನ ನೋಡಿದ್ರೆ ನಂಗೆ ಆ ಕುರ್ಚಿನೇ ನೆನಪಾಗತ್ತೆ ಅತ್ತೆ, ಅಮ್ಮ ಬಾಗಿಲಲ್ಲಿ ಬಂದು ನಿಂತ್ರೆ ಮತ್ತೆ ಅಂಗೇ ಆಯ್ತದೆ ಅನ್ಸತ್ತೆ. ಬರ್ಬ್ಯಾಡ ಅಂತ ಅಮ್ಮಂಗೆ ಯಾವ್ ಬಾಯಲ್ಲಿ ಹೇಳ್ಲಿ’ ಅಂದ್ಲು. ಡಾಕ್ಟ್ರೇ ಬ್ಯಾಡ ಅಂದ್ಬಿಟ್ರೆ ಸಾಕು ಅಂತ ದಿನಾ ಅನ್ಕತಾಳಂತೆ.”

ಹೊರಗೆ ಯಾರೋ ಸೊಪ್ಪು ಮಾರಿಕೊಂಡು ಹೋದರು. ಪಾರ್ವತಮ್ಮ ಮಂಚದ ಅಂಚಿನಲ್ಲಿ ಕೂತೇ ಇದ್ದಳು. ಯಾರಾದರೂ ಒಬ್ಬರು ಬೈಯಲಿ ಅಂತ ಕಾದಿದ್ದಳಲ್ಲ, ಇದು ಬೈಗುಳ ಕೂಡ ಅಲ್ಲ. ಬೈದಿದ್ದರೆ ಕಾಲು ಹಿಡಿದುಕೊಳ್ಳಬಹುದಿತ್ತು, ತಪ್ಪಾಯ್ತು ಕಣವ್ವ ಅನ್ನಬಹುದಿತ್ತು. ಹೆದರಿಕೆಗೆ ಏನು ಮಾಡುವುದು. ತಾನು ಹೆತ್ತ ಮಗಳು ತನ್ನನ್ನು ಕಂಡರೆ ಹೆದರುತ್ತಾಳೆ. ಜ್ವರ ಬಂದರೆ ಸೆರಗು ಬಿಡದೆ ಮಲಗುತ್ತಿದ್ದ ಮಗು. ತಾನು ಫೋನು ಹಿಡಿದು ಇನ್ನೊಂದು ಲೀಟರು ಕುಡ್ದೆ ಕಣೆ, ಇವತ್ತು ಬಸ್ಸಲ್ಲಿ ನಾಲ್ಕು ಸಲ ಎದ್ದೆ ಕಣೆ ಅಂತ ಹೇಳಿದಾಗಲೆಲ್ಲ ಅಲ್ಲಿ ಅವಳ ಎದೆ ನಡುಗುತ್ತಿತ್ತೇನೋ, ಎಲ್ಲಿ ಅಮ್ಮನ ಕಾಲು ವಾಸಿಯಾಗಿಬಿಡುತ್ತದೋ ಅಂತ. ಪಾರ್ವತಮ್ಮನಿಗೆ ಹೊಟ್ಟೆಕಿಚ್ಚಾಯಿತು, ಇಲ್ಲವೆನ್ನಲಾಗದು. ಈ ಹೆಂಗಸು ಎತ್ತಿಕೊಳ್ಳುತ್ತಾಳೆ, ಎಣ್ಣೆ ಹಚ್ಚುತ್ತಾಳೆ, ನೀರು ಹುಯ್ಯುತ್ತಾಳೆ.

“ಡಾಕ್ಟ್ರು ಏನಂದ್ರು ಇವತ್ತು?” ಶಿವಗಂಗಮ್ಮ ಮೆಲ್ಲಗೆ ಕೇಳಿದಳು.

ಪಾರ್ವತಮ್ಮ ಬಗ್ಗಿ, ಸೀರೆ ಮೇಲೆ ಮಾಡಿ, ಕರಿ ಸಾಕ್ಸನ್ನು ಒಂದೊಂದಾಗಿ ಕೆಳಗೆ ಸುರುಳಿ ಸುತ್ತುತ್ತ ಬಿಚ್ಚಿದಳು. ಕಾಲ ಮೇಲೆ ಅದರ ಗೆರೆ ಉಳಿದಿತ್ತು. “ಇದು ನಿಮಗೆ ಆಯ್ತದೆ ನೋಡಿ. ವಸಿ ಬಿಗಿ ಅನ್ಸತ್ತೆ, ಬಿಚ್ಬ್ಯಾಡಿ. ಒಗೆದು ಹಾಕ್ಕಳಿ. ಹಿಂಗೆ, ಹಿಮ್ಮಡಿ ಎತ್ತಿ. ಈಗ ಬೆರಳು. ಮಾಡಿ ನೋಡುವಾ.”

ಶಿವಗಂಗಮ್ಮ ಪಕ್ಕದಲ್ಲಿ ಕೂತು ಹಿಮ್ಮಡಿ ಎತ್ತಿದಳು. ಇಬ್ಬರೂ ಬೀಗಿತಿಯರು ಮಂಚದ ಅಂಚಿನಲ್ಲಿ ಕೂತು ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು ಅಂತ ಕಾಲಾಡಿಸಿದರು. ಬೇರೆ ದಿನವಾಗಿದ್ದರೆ ನಗು ಬರುವಂಥದ್ದು.

“ನೀರು ಕುಡೀರಿ,” ಅಂದಳು ಪಾರ್ವತಮ್ಮ. “ಕೊಟ್ಟಾಗೆಲ್ಲ ಈಸ್ಕೊಳಿ, ಕೊಡ್ದಿದ್ರೂ ಕೇಳಿ. ಒಂದಕ್ಕೆ ಬತ್ತದೆ ಅಂತ ನಾಚ್ಕಬ್ಯಾಡಿ. ಬಾಗಿಲು ನಡುವಿಗೆ ಒತ್ತಿದ್ರೆ ಮಡಿಸ್ಕತದೆ, ಸದ್ದಾಯ್ತದೆ, ಎದ್ರುಕಬ್ಯಾಡಿ. ಪಕ್ಕದೋರು ಮಲಗವ್ರೆ ಅಂತ ಕೂತ್ಬುಟ್ಟೀರ. ಎಬ್ಬಿಸಿ. ಬೈದ್ರೂ ಪರವಾಗಿಲ್ಲ, ಎಬ್ಬಿಸಿ.”

ಶಿವಗಂಗಮ್ಮನ ಕಣ್ಣು ತುಂಬಿತು. ಎದ್ದು ಹೋಗಿ ಸ್ಟೂಲಿನ ಮೇಲಿನ ಬಟ್ಟೆಯ ರಾಶಿಯ ಮೇಲೆ ಕೈ ಇಟ್ಟಳು. “ಇವ್ನ ಏನ್ ಮಾಡ್ಲಿ ಪಾರ್ವತಮ್ಮ? ಚೆನ್ನಾಗವೆ. ಪೆಟ್ಟಿಗೇಲಿ ಹಾಕ್ಕಂಡು ಓಗ್ಲಾ?”

“ಬ್ಯಾಡಿ. ಅದು ಆ ಮಗಿಂದು. ಇತ್ತ ಕೊಡಿ.” ದುಪ್ಪಟಿಯನ್ನು ನ್ಯಾಫ್ತಲಿನ್ ಗುಳಿಗೆಯ ವಾಸನೆ ಹಿಡಿದಿತ್ತು. ಚೌಕಗಳನ್ನು ಅದರೊಳಗಿಟ್ಟು, ಕುಲಾವಿಯನ್ನು ನಡುವೆ ಇಟ್ಟು ಗಂಟು ಕಟ್ಟಿದಳು. “ನೀವು ನಿಮ್ಮ ಅಳೇ ಸೀರೆ ಒಂದು ತಕ್ಕೊಂಡೋಗಿ. ಮೆತ್ತಗಿರೋದು. ಹುಟ್ಟಿದ್ ತಕ್ಷಣ ಅದ್ರಲ್ಲೇ ಸುತ್ತಿ. ಆಮೇಲೆ, ನಾನು ಇಲ್ಲಿಗೆ ಬಂದಿದ್ದೆ ಅಂತ ಶೋಭಿಗೆ ಹೇಳ್ಬ್ಯಾಡಿ. ನಿಮ್ ದಮ್ಮಯ್ಯ.”

ಶಿವಗಂಗಮ್ಮ ಹೇಳುವುದಿಲ್ಲ ಅಂತ ತಲೆಯಾಡಿಸಿದಳು. ಊಟ ಮಾಡಿಕೊಂಡು ಹೋಗಿ ಅಂದಳು, ಪಾರ್ವತಮ್ಮ ಒಲ್ಲೆ ಅಂದಳು. ಕೊನೆಗೆ ಒಂದು ಲೋಟ ನೀರಾದರೂ ಅಂತ ತಂದಳು, ಅದನ್ನು ಕುಡಿದು ಹೊರಟಳು.

ಚನ್ನರಾಯಪಟ್ಟಣದ ಬಸ್ಸಿನಲ್ಲಿ ಕಿಟಕಿ ಪಕ್ಕವೇ ಸಿಕ್ಕಿತು. ಈ ಸಲ ಹುಡುಕಿದ್ದಲ್ಲ. ಬರಿಗಾಲಿಗೆ ತಣ್ಣನೆ ಗಾಳಿ ತಾಕುತ್ತಿತ್ತು, ತಿಂಗಳಿಂದ ಆ ಬಿಗಿ ಅಭ್ಯಾಸವಾಗಿ ಈಗ ಕಾಲಲ್ಲಿ ಏನೋ ಕಳೆದುಕೊಂಡ ಹಾಗಿತ್ತು. ಮಡಿಲಲ್ಲಿ ಗಂಟು. ಅದಕ್ಕೆ ಭಾರವೇ ಇಲ್ಲ. ಇಷ್ಟು ಹಗುರದ್ದನ್ನೂ ಹೊತ್ತುಕೊಂಡು ಹೋಗಲು ಆಗದೆ ಅವತ್ತು ವಿಮಾನದಿಂದ ಇಳಿಸಿದ್ದರಲ್ಲ ಅಂದುಕೊಂಡಳು. ಯಾರದೋ ತೆಂಗಿನ ತೋಟ, ಒಂದು ಕೆರೆ ಏರಿ, ಶಾಲೆ ಬಿಟ್ಟ ಮಕ್ಕಳು. ಪಕ್ಕದಲ್ಲಿ ಕೂತವನು ಎಲ್ಲಿಯೋ ಗಾರೆ ಕೆಲಸ ಮುಗಿಸಿ ಬಂದವನು, ಕೈಗೆಲ್ಲ ಸಿಮೆಂಟು, ಟಿಕೆಟ್ಟು ತೆಗೆದುಕೊಂಡದ್ದೇ ಎದುರಿನ ಕಂಬಿಗೆ ಹಣೆ ಕೊಟ್ಟು ನಿದ್ದೆ ಹೋದ. ಫೋನು ಬಡಿದುಕೊಂಡಿತು. ಶೋಭಿತಾ. ಅಲ್ಲಿ ಇನ್ನೂ ಬೆಳಕು ಹರಿದಿರಲಿಕ್ಕಿಲ್ಲ.

“ಮಲಗಲಿಲ್ವೇನೆ?”

“ನಿದ್ದೆ ಬರಲಿಲ್ಲಮ್ಮ. ಮಗು ಒದೀತಾ ಇತ್ತು. ಹಾಸನಕ್ಕೆ ಹೋಗಿದ್ಯಾ? ಏನಂದ್ರು ಡಾಕ್ಟ್ರು?”

ಮಗಳ ಉಸಿರು ಫೋನಿನಲ್ಲಿ ಕೇಳುತ್ತಿತ್ತು. ಹಿಡಿದುಕೊಂಡ ಉಸಿರು. ಹೋಗಬಹುದು ಅಂತ ಹೇಳಿದ ಡಾಕ್ಟರ ಮುಖ ಪಾರ್ವತಮ್ಮನ ಕಣ್ಣ ಮುಂದೆ ಬಂತು. ಒಂದು ಮಾತು ಹೇಳಿದರೆ ಸಾಕು, ಶೋಭಿತಾ ಬೇಡ ಅನ್ನಲಾರಳು, ಅವಳ ಸ್ವಭಾವ ತನಗೆ ಗೊತ್ತಿಲ್ಲವೇ. ಟಿಕೆಟ್ಟು ಬದಲಾಯಿಸುತ್ತಾಳೆ, ಅತ್ತೆಗೆ ಏನೋ ಹೇಳುತ್ತಾಳೆ, ಎದೆ ಗಟ್ಟಿ ಮಾಡಿಕೊಂಡು ಬಾಗಿಲಲ್ಲಿ ನಿಂತು ಕೈ ಬೀಸುತ್ತಾಳೆ. ಮಗುವನ್ನು ತನ್ನ ಕೈಗೂ ಕೊಡುತ್ತಾಳೆ, ಹೆದರಿಕೊಂಡು.

“ಆಗಾಕಿಲ್ಲ ಅಂದ್ರು ಕಣವ್ವ,” ಅಂದಳು. “ಇನ್ ಯಾವತ್ತೂ ಅಷ್ಟ್ ದೂರ ಕೂತು ಓಗಂಗಿಲ್ವಂತೆ. ಖಡಾಖಂಡಿತ ಅಂದ್ಬುಟ್ರು.”

ಆ ಕಡೆ ಹಿಡಿದಿದ್ದ ಉಸಿರು ಹೊರಬಂತು, ಉದ್ದಕ್ಕೆ, ನಿಧಾನವಾಗಿ. ಆ ಉಸಿರನ್ನು ಪಾರ್ವತಮ್ಮ ಬಲ್ಲಳು. ಚಿಕ್ಕವಳಿದ್ದಾಗ ಇಂಜೆಕ್ಷನ್ ಇಲ್ಲ, ಬರೀ ಮಾತ್ರೆ ಅಂದಾಗ ಬಿಡುತ್ತಿದ್ದ ಉಸಿರು.

“ಹೌದಾ... ಹೋಗ್ಲಿ ಬಿಡಮ್ಮ,” ಅಂದಳು ಶೋಭಿತಾ. ದನಿ ಒದ್ದೆಯಾಗಿತ್ತು, ಹಗುರವಾಗಿತ್ತು. “ನಿನ್ನ ಕಾಲಿಗಿಂತ ಹೆಚ್ಚಾ. ಹಂಗಾದ್ರೆ ನಾನು ಅತ್ತೆನ ಒಂದ್ಸಲ ಕೇಳಿ ನೋಡ್ತೀನಿ.”

“ಕೇಳವ್ವ. ಆಯಮ್ಮ ಒಳ್ಳೇವ್ಳು. ಚೆನ್ನಾಗಿ ನೋಡ್ಕತಾಳೆ.”

“ಅಳ್ತಿದ್ದೀಯೇನಮ್ಮ?”

“ಇಲ್ಲ ಕಣೆ. ಬಸ್ಸಲ್ಲಿವ್ನಿ, ಗಾಳಿ.”

“ನೀರು ಕುಡೀತಿದ್ದೀಯ ತಾನೆ? ಎದ್ದು ಓಡಾಡ್ತಿದ್ದೀಯ?”

“ಊಂ. ಮಲಕ್ಕೊ ನೀನು.”

ಫೋನನ್ನು ಗಂಟಿನ ಮೇಲಿಟ್ಟು ಅದರ ಮೇಲೆ ಕೈ ಇಟ್ಟುಕೊಂಡಳು. ಬಾಟಲಿ ಹಾಸನದಲ್ಲಿ ತುಂಬಿಸಿದ್ದು, ಇನ್ನೂ ಅರ್ಧ ಇತ್ತು, ಅದನ್ನು ಕಾಲ ಹತ್ತಿರ ಚೀಲದೊಳಗೆ ಸೇರಿಸಿದಳು. ಎಡಗಾಲು ಆಗಲೇ ಸ್ವಲ್ಪ ಜೋಮು ಹಿಡಿದಿತ್ತು. ಬೆಳಿಗ್ಗೆಯಿಂದ ಕುಡಿದದ್ದೆಲ್ಲ ಕಿಬ್ಬೊಟ್ಟೆಯಲ್ಲಿ ಭಾರವಾಗಿತ್ತು, ಚನ್ನರಾಯಪಟ್ಟಣ ಇನ್ನೂ ದೂರವಿತ್ತು. ಪಕ್ಕದವನು ಬಾಯಿ ತೆರೆದು ಮಲಗಿದ್ದ. ಅವಳು ಅವನನ್ನು ಎಬ್ಬಿಸಲಿಲ್ಲ.